ಸಾಧಾರಣ ಲಾಗರ್ ಬಿಯರ್ ಇಷ್ಟಪಟ್ಟರೆ ನಾಲಿಗೆ ಪಳಗಿಲ್ಲ ಎಂದರ್ಥವೇ?

ಪ್ರಶ್ನೆ

ನನಗೆ ಐವತ್ತೆರಡು ವರ್ಷ. ಬೆಂಗಳೂರಿನ ಚರ್ಚ್ ಸ್ಟ್ರೀಟ್, ರೆಸ್ಟ್‌ಹೌಸ್ ರಸ್ತೆಗಳ ಪಬ್‌ಗಳಲ್ಲಿ ಒಂದು ಪಿಚರ್ ತರಿಸಿ ನಾಲ್ವರು ಹಂಚಿಕೊಂಡು ಕುಡಿಯುತ್ತಿದ್ದ ಕಾಲದವನು ನಾನು. ಇಂದಿಗೂ ಶನಿವಾರ ಸಂಜೆ 650 ಮಿ.ಲೀ.ನ ಒಂದು ಕಿಂಗ್‌ಫಿಷರ್ ಪ್ರೀಮಿಯಂ ಲಾಗರ್, ಜೊತೆಗೆ ಒಂದು ತಟ್ಟೆ ಕಾಂಗ್ರೆಸ್ ಕಡಲೆಬೀಜ ಇದ್ದರೆ ನನಗೆ ಬೇರೇನೂ ಬೇಡ. ಕಳೆದ ತಿಂಗಳು ಅಕ್ಕನ ಮಗ ತನ್ನ ಸಹೋದ್ಯೋಗಿಗಳೊಂದಿಗೆ ನನ್ನನ್ನೂ ಇಂದಿರಾನಗರದ ಒಂದು ಮೈಕ್ರೋಬ್ರೂವರಿಗೆ (ತಾನೇ ಬಿಯರ್ ತಯಾರಿಸಿ ಬಡಿಸುವ ಪಬ್) ಕರೆದೊಯ್ದ. ಅಲ್ಲಿ ಕೊಟ್ಟ ಐಪಿಎ ಎಂಬ ಕಹಿ ಬಗೆಯ ಬಿಯರ್ ಎರಡು ಗುಟುಕಿಗೇ ಬೇವಿನೆಲೆ ಜಗಿದಂತಾಯಿತು. ಲಾಗರ್ ಸಿಗುತ್ತದೆಯೇ ಎಂದು ಕೇಳಿದಾಗ ಮೇಜಿನ ಸುತ್ತಲಿದ್ದವರೆಲ್ಲ ನಕ್ಕರು. "ಮಾಮ, ಅದು ಬಣ್ಣದ ನೀರು. ನಿಮ್ಮ ನಾಲಿಗೆ ಇನ್ನೂ ಪಳಗಿಲ್ಲ" ಎಂದ ಅವನ ಮಾತು ಮನಸ್ಸಿನಲ್ಲೇ ಉಳಿದಿದೆ. ಮೂವತ್ತು ವರ್ಷ ಪ್ರೀತಿಯಿಂದ ಕುಡಿದದ್ದು ನಿಜಕ್ಕೂ ಕೀಳು ದರ್ಜೆಯದೇ? ತಿಳಿದವರು ದಯವಿಟ್ಟು ಹೇಳಿ.

ಮೊದಲ ಉತ್ತರ

ಹಲವು ವರ್ಷಗಳಿಂದ ಬಿಯರ್ ತಯಾರಿಕೆಯಲ್ಲೇ ಇರುವವನು ನಾನು. ತಿಳಿಯಾದ ಲಾಗರ್ ಮಾಡುವುದು ಐಪಿಎ ಮಾಡುವುದಕ್ಕಿಂತ ಕಷ್ಟವೆಂಬುದು ತೊಟ್ಟಿಯ ಪಕ್ಕದಲ್ಲಿ ನಿಂತವರಿಗೆಲ್ಲ ಗೊತ್ತು. ಐಪಿಎಯಂಥ ಏಲ್ ಬಗೆಯ ಬಿಯರ್ ಹುದುಗಿಸುವ ಯೀಸ್ಟ್ ಸುಮಾರು 20 ಡಿಗ್ರಿಯಲ್ಲಿ ಚುರುಕಾಗಿ ಕೆಲಸ ಮುಗಿಸಿದರೆ, ಲಾಗರ್ ಯೀಸ್ಟ್‌ಗೆ 10 ಡಿಗ್ರಿಯ ಆಸುಪಾಸಿನ ತಂಪು ಬೇಕು, ಆ ಬಳಿಕ ಸೊನ್ನೆಯ ಹತ್ತಿರದ ಶೀತದಲ್ಲಿ ವಾರಗಟ್ಟಲೆ ವಿಶ್ರಾಂತಿಯೂ ಬೇಕು. ಕಹಿ ಕೊಡುವ ಹಾಪ್ಸ್ ಹೂವನ್ನು ಧಾರಾಳವಾಗಿ ಸುರಿದ ಬಿಯರ್‌ನಲ್ಲಿ ಸಣ್ಣ ತಪ್ಪುಗಳು ಕಹಿಯ ಅಡಿಯಲ್ಲಿ ಅಡಗಿಹೋಗುತ್ತವೆ. ಲಾಗರ್‌ನಲ್ಲಿ ಅಡಗಲು ಜಾಗವೇ ಇಲ್ಲ. ಹುದುಗು ಮುಗಿಯಿತೆಂದು ಅನ್ನಿಸಿದಾಗ ನಾವು ಒಂದಿಷ್ಟು ಬಿಯರ್ ತೆಗೆದು ಮುಚ್ಚಿದ ಪಾತ್ರೆಯಲ್ಲಿ ಬಿಸಿ ಮಾಡಿ, ಆರಿಸಿ, ಮುಚ್ಚಳ ತೆರೆದು ಮೂಸುತ್ತೇವೆ. ಬೆಣ್ಣೆಯ ವಾಸನೆ ಬಂದರೆ ಹುದುಗುವಾಗ ಹುಟ್ಟುವ ಡೈಅಸಿಟೈಲ್ ಎಂಬ ಪದಾರ್ಥ ಇನ್ನೂ ಉಳಿದಿದೆ, ತೊಟ್ಟಿಯನ್ನು ಮತ್ತೆ ಕೆಲವು ದಿನ ಮುಟ್ಟುವಂತಿಲ್ಲ ಎಂದು ಲೆಕ್ಕ.

ಇಂದು ಜಗತ್ತೆಲ್ಲ ಕುಡಿಯುವ ಹೊಂಬಣ್ಣದ ಲಾಗರ್‌ನ ಮೂಲ, 1842ರಲ್ಲಿ ಯೋಸೆಫ್ ಗ್ರೋಲ್ ಎಂಬ ಬವೇರಿಯಾದ ಬ್ರೂವರ್ ಬೊಹೆಮಿಯಾದ (ಇಂದಿನ ಚೆಕ್ ಗಣರಾಜ್ಯ) ಪಿಲ್ಸೆನ್ ಪಟ್ಟಣದಲ್ಲಿ ತಯಾರಿಸಿದ ಬಿಯರ್. ಆ ಊರಿನ ಮೆದುವಾದ ನೀರು, ತಿಳಿ ಬಣ್ಣದ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ), ಸಾಟ್ಸ್ ಪ್ರದೇಶದ ಹಾಪ್ಸ್ ಮೂರೂ ಕೂಡಿದ್ದರಿಂದ ಅದು ಒದಗಿತು. ಆ ವಂಶದ ಬಿಯರನ್ನು ಬಣ್ಣದ ನೀರು ಎನ್ನುವುದು ನನಗೆ ಸಹಿಸುವ ಮಾತಲ್ಲ.

ಎರಡನೆಯ ಉತ್ತರ

ನಾನು ಸಣ್ಣ ತಯಾರಕರ ಕ್ರಾಫ್ಟ್ ಬಿಯರ್ ಮೆಚ್ಚುವವಳು, ಆದರೂ ನಿಮ್ಮನ್ನು ನೋಡಿ ನಕ್ಕವರ ಪರ ನಿಲ್ಲಲಾರೆ. ಆದರೆ ನಮ್ಮ ಮೆಚ್ಚುಗೆಯನ್ನೆಲ್ಲ ಜಂಬವೆಂದು ತಳ್ಳಿಹಾಕಬೇಡಿ. 2010ರ ದಶಕದ ಆರಂಭದಲ್ಲಿ ಮೈಕ್ರೋಬ್ರೂವರಿಗಳು ಬರುವವರೆಗೆ ಬೆಂಗಳೂರಿನಲ್ಲಿ ಬಿಯರ್ ಎಂದರೆ ಹೆಚ್ಚುಕಡಿಮೆ ಒಂದೇ ರುಚಿ. ಆಯ್ಕೆಯೆಂದರೆ ಮೈಲ್ಡ್ ಅಥವಾ ಸ್ಟ್ರಾಂಗ್, ಅಷ್ಟೇ. ನಾನು ಮೊದಲ ಬಾರಿ ಹೆಫೆವೈಝನ್ ಎಂಬ ಜರ್ಮನ್ ಗೋಧಿ ಬಿಯರ್ ಕುಡಿದಾಗ ಲೋಟದಿಂದ ಬಾಳೆಹಣ್ಣು, ಲವಂಗಗಳ ಪರಿಮಳ ಬಂತು. ಅವೆರಡನ್ನೂ ಯಾರೂ ಹಾಕಿಲ್ಲ, ಅದು ಯೀಸ್ಟ್‌ನದೇ ಕೊಡುಗೆ ಎಂದು ತಿಳಿದ ದಿನ ನನಗಾದ ಬೆರಗು ಇನ್ನೂ ಆರಿಲ್ಲ. ಅಂಥದ್ದನ್ನು ಕಂಡವರು ಇತರರಿಗೂ ಕುಡಿಸಬೇಕೆಂದು ಹಂಬಲಿಸುವುದು ಸಹಜ. ಹಂಬಲ ಹೀಯಾಳಿಕೆಯಾದಾಗ ತಪ್ಪಾಗುತ್ತದೆ.

ನಮ್ಮವರ ಒಂದು ವಾದವಂತೂ ನಿಲ್ಲುವುದೇ ಇಲ್ಲ. ದೊಡ್ಡ ಕಂಪನಿಗಳು ಅಕ್ಕಿ ಬೆರೆಸುತ್ತವೆ, ಆದ್ದರಿಂದ ಅದು ಕಲಬೆರಕೆ ಎನ್ನುತ್ತಾರೆ. ಅದೇ ಇಂದಿರಾನಗರದ ಟಾಯ್ಟ್‌ನಲ್ಲಿ (ಅದೂ ಒಂದು ಮೈಕ್ರೋಬ್ರೂವರಿ) ಬಾಸ್ಮತಿ ಬ್ಲಾಂಡ್ ಎಂಬ ಅಕ್ಕಿ ಬೆರೆಸಿದ ಬಿಯರ್ ಬಂದಾಗ ಅಕ್ಕಿಯನ್ನೇ ಹೊಗಳುತ್ತಾರೆ. ಚಿಕ್ಕದೆಲ್ಲ ಒಳ್ಳೆಯದು ಎಂಬ ನಂಬಿಕೆಯೂ ಅಷ್ಟೇ ಸಡಿಲ. ಶಿಕಾಗೋದ ಗೂಸ್ ಐಲಂಡ್ ಎಂಬ ಕ್ರಾಫ್ಟ್ ಬ್ರೂವರಿಯನ್ನು 2011ರಲ್ಲಿ ಬಡ್‌ವೈಸರ್‌ನ ಒಡೆಯರೇ ಕೊಂಡರು. ಮರುದಿನವೇ ಆ ಬಿಯರ್‌ನ ರುಚಿ ಕೆಟ್ಟಿತೆಂದವರು ರುಚಿಯನ್ನಲ್ಲ, ಮಾಲೀಕತ್ವವನ್ನು ಅಳೆಯುತ್ತಿದ್ದರು.

ಮೂರನೆಯ ಉತ್ತರ

ವಾದಕ್ಕಿಂತ ಪರೀಕ್ಷೆ ಮೇಲು. 1964ರಲ್ಲಿ ಆಲಿಸನ್ ಮತ್ತು ಊಲ್ ಎಂಬ ಸಂಶೋಧಕರು ಅಮೆರಿಕದ ಬಿಯರ್ ಪ್ರಿಯರಿಗೆ ಲೇಬಲ್ ಇಲ್ಲದ ಬಾಟಲಿಗಳನ್ನು ಕೊಟ್ಟು ನೋಡಿದರು. ತಾವು ದಿನವೂ ಕುಡಿಯುವ ಬ್ರ್ಯಾಂಡ್ ಯಾವುದೆಂದು ಅವರಿಗೆ ಒಟ್ಟಾರೆಯಾಗಿ ಗುರುತಿಸಲಾಗಲಿಲ್ಲ; ಲೇಬಲ್ ಹಚ್ಚಿ ಕೊಟ್ಟಾಗ ಮಾತ್ರ ತಮ್ಮದಕ್ಕೆ ಹೆಚ್ಚಿನ ಅಂಕ ಕೊಟ್ಟರು. ನೀವು ಮನೆಯಲ್ಲೇ ಮಾಡಿ ನೋಡಬಹುದು. ಒಂದೇ ಬಗೆಯ ಮೂರು ಲೋಟ ತೆಗೆದುಕೊಂಡು ಎರಡರಲ್ಲಿ ಒಂದು ಬಿಯರ್, ಮೂರನೆಯದರಲ್ಲಿ ಬೇರೊಂದನ್ನು ಸುರಿಯಿರಿ. ಸುರಿದವರು ಕೋಣೆಯಿಂದ ಹೊರಗಿರಲಿ. ಬೇರೆಯದು ಯಾವುದೆಂದು ಕುಡಿಯುವವರು ಹೇಳಲಿ. ಬರೀ ಊಹೆಯಿಂದಲೇ ಮೂರಕ್ಕೆ ಒಂದು ಸಲ ಸರಿಯಾಗುತ್ತದೆ ಎಂಬುದು ನೆನಪಿರಲಿ. ಬಿಯರ್ ತೀರಾ ಕೊರೆಯುವಷ್ಟು ತಂಪಾಗಿರಬಾರದು, ಆ ತಂಪಿಗೆ ನಾಲಿಗೆ ಜೋಮು ಹಿಡಿದು ಎಲ್ಲವೂ ಒಂದೇ ಎನಿಸುತ್ತದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಕಳೆದ ಭಾನುವಾರ ಅಕ್ಕನ ಮಗನನ್ನು ಮನೆಗೆ ಕರೆದು, ನನ್ನ ಲಾಗರ್ ಮತ್ತು ಅವನು ತಂದ ದುಬಾರಿ ವಿದೇಶಿ ಲಾಗರ್ ಇಟ್ಟುಕೊಂಡು ಆರು ಸುತ್ತು ಮಾಡಿದೆವು. ಸುರಿಯುವ ಹೊಣೆ ನನ್ನ ಹೆಂಡತಿಯದು. ಅವನಿಗೆ ಎರಡು ಸರಿಯಾದವು, ನನಗೆ ಮೂರು. ಕೊನೆಗೆ ಲಾಗರ್ ಜೊತೆ ಬೆಲ್ಜಿಯಂ ಶೈಲಿಯ ಒಂದು ಗೋಧಿ ಬಿಯರ್ ಇಟ್ಟಾಗ ಇಬ್ಬರೂ ಮೂಸಿದ ಕ್ಷಣದಲ್ಲೇ ಹೇಳಿದೆವು. ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆಯ ಆ ಪರಿಮಳ ನನಗೆ ಹಿಡಿಸಿತು. ಫ್ರಿಜ್‌ನಿಂದ ತೆಗೆದು ಹತ್ತು ನಿಮಿಷ ಬಿಟ್ಟು ಕುಡಿದರೆ ಇನ್ನೂ ಚೆನ್ನ. ಕಡಲೆಬೀಜದ ಜೊತೆಗೆ ಮಾತ್ರ ನನಗೆ ನನ್ನ ಲಾಗರೇ ಬೇಕು. ಅವನೂ ಆ ಸಂಜೆ ಎರಡನೆಯ ಲೋಟಕ್ಕೆ ಅದನ್ನೇ ಕೇಳಿ ಹಾಕಿಸಿಕೊಂಡ.