ಲ್ಯಾಬಿನ ಕಂಪ್ಯೂಟರ್‌ಗಳಿಗೆ ಹೆಸರು ಹೇಗೆ ಇಡೋದು? ನಿಮ್ಮ ಅನುಭವ ಹೇಳಿ

ಪ್ರಶ್ನೆ: ನಾನು ಗಣಿತದ ಟೀಚರ್. ಶಾಲೆಯ ಕಂಪ್ಯೂಟರ್ ಲ್ಯಾಬ್ ಕೂಡ ನನ್ನದೇ ಜವಾಬ್ದಾರಿ. 20 ಕಂಪ್ಯೂಟರ್ ಇವೆ. ನೆಟ್‌ವರ್ಕ್‌ನಲ್ಲಿ ನೋಡಿದರೆ ಎಲ್ಲವೂ ‘ಡೆಸ್ಕ್‌ಟಾಪ್’ ಅಂತ ಶುರುವಾಗಿ ಮುಂದೆ ಏನೇನೋ ಅಕ್ಷರ. ಯಾವುದು ಯಾವುದೆಂದೇ ತಿಳಿಯಲ್ಲ. ಪ್ರಿಂಟರ್ ಬೇರೆ ಆಗಾಗ ಕಾಣೆಯಾಗುತ್ತದೆ. ಏನು ಮಾಡಲಿ?

ಉತ್ತರ: ಮೇಡಂ, ನಾನು ಮೊದಲು ಜಾಗ ನೋಡಿ ಹೆಸರಿಟ್ಟಿದ್ದೆ. ಕಿಟಕಿ-1, ಬಾಗಿಲು-1, ಹೀಗೆ. ಪರೀಕ್ಷೆ ಬಂತು, ಟೇಬಲ್ ಎಲ್ಲಾ ಸರಿಸಿದರು. ಮತ್ತೆ ಜೋಡಿಸಿದಾಗ ಬಾಗಿಲು-1 ಕಿಟಕಿ ಪಕ್ಕ ಕೂತಿತ್ತು. ವೈರಸ್ ಇದ್ದ ಒಂದೇ ಒಂದು ಕಂಪ್ಯೂಟರ್ ಹುಡುಕಲು ಅರ್ಧ ದಿನ ಹೋಯಿತು.

ಈಗ ಸ್ಟಾಕ್ ರಿಜಿಸ್ಟರಿನ ನಂಬರನ್ನೇ ಹೆಸರಿಗೆ ಸೇರಿಸುತ್ತೇನೆ: ‘ಲ್ಯಾಬ್-07’. ಅದನ್ನೇ ಮಾರ್ಕರ್‌ನಲ್ಲಿ ಸಿಪಿಯು ಮುಂಭಾಗದಲ್ಲೂ ದಪ್ಪಗೆ ಬರೆದಿದ್ದೇನೆ. ಎಲ್ಲಿಗೆ ಎತ್ತಿಟ್ಟರೂ ಹೆಸರು ಜೊತೆಗೇ ಹೋಗುತ್ತದೆ. ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆ (-), ಇಷ್ಟೇ ಬಳಸಿ. ಸ್ಪೇಸ್, ಅಂಡರ್‌ಸ್ಕೋರ್ ಬೇಡ. ವಿಂಡೋಸ್ ಆದರೆ 15 ಅಕ್ಷರ ದಾಟಬಾರದು, ನೆಟ್‌ವರ್ಕ್‌ನಲ್ಲಿ ಕಂಪ್ಯೂಟರನ್ನು ಹೆಸರಿನಿಂದ ಗುರುತಿಸುವ ಹಳೆಯ ಪದ್ಧತಿಯಾದ ನೆಟ್‌ಬಯಾಸ್‌ನಲ್ಲಿ ಹೆಸರಿಗೆ ಅಷ್ಟೇ ಜಾಗ. ಟೀಚರ್‌ಗಳ ಹೆಸರಂತೂ ಬೇಡವೇ ಬೇಡ. ಅವರಿಗೆ ವರ್ಗವಾದ ಮೇಲೂ ಅದು ಹಾಗೇ ಉಳಿದುಬಿಡುತ್ತದೆ. ಕಂಪ್ಯೂಟರಿಗೆ ಹೆಸರಿಡುವುದು ಹೇಗೆಂದು ತಿಳಿಸಲು 1990ರಲ್ಲಿ ಇಂಟರ್ನೆಟ್ ತಂತ್ರಜ್ಞರ ಆರ್‌ಎಫ್‌ಸಿ ಎಂಬ ದಾಖಲೆ ಸರಣಿಯಲ್ಲಿ 1178 ನಂಬರಿನ ಒಂದು ಬರಹವೇ ಬಂದಿದೆ. ಸ್ವಂತ ಹೆಸರು ಇಡಬೇಡಿ ಎಂದು ಅದರಲ್ಲೂ ಇದೆ.

ಇನ್ನೊಬ್ಬರು: ಪ್ರಿಂಟರ್ ಕಾಣೆಯಾಗಲು ಅದರ ಐಪಿ, ಅಂದರೆ ನೆಟ್‌ವರ್ಕ್‌ನಲ್ಲಿ ಅದರ ವಿಳಾಸ, ಬದಲಾಗುವುದೇ ಕಾರಣ ಇರಬಹುದು ಮೇಡಂ. ನಮ್ಮಲ್ಲಿ ಕರೆಂಟ್ ಹೋಗಿ ಬಂದಾಗಲೆಲ್ಲ ಹೀಗಾಗುತ್ತಿತ್ತು. ರೂಟರ್ ಕೊಡುವ ಐಪಿ ಬಾಡಿಗೆ ಮನೆ ಇದ್ದ ಹಾಗೆ. ಇವತ್ತು 192.168.1.12, ನಾಳೆ 192.168.1.15. ಮ್ಯಾಕ್ ಅಡ್ರೆಸ್ ಹಾಗಲ್ಲ, ತಯಾರಾಗುವಾಗಲೇ ನೆಟ್‌ವರ್ಕ್ ಕಾರ್ಡಿಗೆ ಕೊಟ್ಟಿರುತ್ತಾರೆ. ಒಟ್ಟು 12 ಅಂಕಿ-ಅಕ್ಷರ. ಪ್ರಿಂಟರಿನಿಂದ ನೆಟ್‌ವರ್ಕ್ ಸೆಟ್ಟಿಂಗ್ಸ್ ಪೇಜ್ ಪ್ರಿಂಟ್ ತೆಗೆದರೆ ಅದರಲ್ಲಿ ಸಿಗುತ್ತದೆ. ರೂಟರಿನ ಡಿಎಚ್‌ಸಿಪಿ (ಐಪಿ ಹಂಚುವ ವ್ಯವಸ್ಥೆ) ರಿಸರ್ವೇಶನ್‌ನಲ್ಲಿ ಆ ಮ್ಯಾಕ್ ಅಡ್ರೆಸ್ ಹಾಕಿ, ಒಂದು ಐಪಿ ಕಾಯಂ ಮಾಡಿ. ನಾನು ಹೀಗೆ ಮಾಡಿದ ಮೇಲೆ ಆ ತೊಂದರೆ ಮತ್ತೆ ಬಂದಿಲ್ಲ.

ಮತ್ತೊಬ್ಬರು: ಒಂದರ ಡಿಸ್ಕನ್ನೇ ಉಳಿದವಕ್ಕೆ ಕಾಪಿ ಮಾಡಿದ್ದರೆ ಹೆಸರೂ ಕಾಪಿ ಆಗಿರುತ್ತದೆ. ನನಗೆ ಹಾಗಾಗಿ, ಇದೇ ಹೆಸರಿನದು ಆಗಲೇ ನೆಟ್‌ವರ್ಕ್‌ನಲ್ಲಿ ಇದೆ ಎಂಬ ಮೆಸೇಜ್ ಬರುತ್ತಿತ್ತು. ಮೊದಲು ಹೆಸರು ಬದಲಿಸಿ, ಆಮೇಲೆ ನೆಟ್‌ವರ್ಕ್ ಕೇಬಲ್ ಹಾಕಿ.

ಕೇಳಿದವರು: ತುಂಬಾ ಥ್ಯಾಂಕ್ಸ್. ನಾಳೆಯೇ ಮಾರ್ಕರ್ ತಗೊಂಡು ಹೋಗುತ್ತೇನೆ. ಹೆಸರು ಬದಲಿಸಿದ ಮೇಲೆ ರೀಸ್ಟಾರ್ಟ್ ಮಾಡಬೇಕಾ?

ಉತ್ತರ: ಮಾಡಲೇಬೇಕು ಮೇಡಂ. ಆಮೇಲೆ ಕಮಾಂಡ್ ಪ್ರಾಂಪ್ಟಿನಲ್ಲಿ ‘ಹೋಸ್ಟ್‌ನೇಮ್’ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ಹೊಸ ಹೆಸರು ಬಂದರೆ ಮುಂದಿನದಕ್ಕೆ ಹೋಗಿ.