ಗಾಂಜಾ ಕಾನೂನು ಬದಲಾಯಿಸುವಾಗ ಪೊಲೀಸರನ್ನೂ ಕೇಳಬೇಕಾ?

ಸಾಗರದ ಮೇಷ್ಟ್ರು:
ಎಲ್ಲರಿಗೂ ನಮಸ್ಕಾರ. ನಾನು ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ಮೇಲೆ ಗಾಂಜಾ ಸೇವನೆ ಕೇಸಾಗಿದೆ. ಕೈಯಲ್ಲಿ ಏನೂ ಸಿಕ್ಕಿಲ್ಲ, ಮೂತ್ರ ಪರೀಕ್ಷೆಯಲ್ಲಿ ಪಾಸಿಟಿವ್ ಬಂತು, ಅಷ್ಟೇ. ಅವನ ಅಪ್ಪ ಅಡಿಕೆ ಕೊನೆ ತೆಗೆಯುವವರು. ಸುಗ್ಗಿ ಬಿಟ್ಟು ಕೋರ್ಟಿಗೆ ಅಲೆಯುತ್ತಿದ್ದಾರೆ. ಪೋರ್ಚುಗಲ್‌ನಲ್ಲಿ 2001ರಿಂದ ಇಂಥವರನ್ನು ಕೋರ್ಟಿಗೆ ಕಳಿಸುವುದಿಲ್ಲವಂತೆ. ನಮ್ಮಲ್ಲೂ ಕಾನೂನು ಬದಲಾಯಿಸುವುದಾದರೆ ಪೊಲೀಸರ ಅಭಿಪ್ರಾಯ ಕೇಳಬೇಕಾ? ಕೇಳಿದರೆ ಇನ್ನೂ ಬಿಗಿ ಮಾಡಿ ಅಂತಾರಾ?

ತೀರ್ಥಹಳ್ಳಿ ನಿವೃತ್ತ ಎಎಸ್‌ಐ:
ಕೇಳಲೇಬೇಕು ಮೇಷ್ಟ್ರೇ. ಆದರೆ ದೊಡ್ಡ ಸಾಹೇಬರನ್ನು ಮಾತ್ರ ಅಲ್ಲ, ಬೀಟ್ ತಿರುಗುವವರನ್ನು ಕೇಳಬೇಕು. ಶುಂಠಿ ಗದ್ದೆಯ ಮಧ್ಯೆ ನಾಲ್ಕು ಗಿಡ ಹಾಕಿದವನು ಯಾರು, ಅದನ್ನು ಕೊಂಡು ಪೇಟೆಗೆ ಸಾಗಿಸುವವನು ಯಾರು, ಬಸ್ ಸ್ಟ್ಯಾಂಡಿನ ಹಿಂದೆ ಸೇದಿ ಕೂತವನು ಯಾರು ಅಂತ ಅವರಿಗೆ ಚೆನ್ನಾಗಿ ಗೊತ್ತು.

ತೊಂದರೆ ಇರುವುದು ಲೆಕ್ಕದಲ್ಲಿ. ಸೇದಿದವನ ಕೇಸು ಒಂದೇ ದಿನದ ಕೆಲಸ. ಆಸ್ಪತ್ರೆಗೆ ಕರೆದುಕೊಂಡು ಹೋಗಿ ವರದಿ ತಂದರೆ ಮುಗಿಯಿತು. ಮಾಲು ಕಳಿಸಿದವನನ್ನು ಹಿಡಿಯಬೇಕಾದರೆ ತಿಂಗಳುಗಟ್ಟಲೆ ಹಿಂದೆ ಬೀಳಬೇಕು. ಮೇಲಿನವರು ಕೇಸು ಎಣಿಸುವ ಕ್ರೈಂ ಮೀಟಿಂಗ್‌ನಲ್ಲಿ ಎರಡೂ ಒಂದೊಂದು ಕೇಸು! ಈ ಮಾತನ್ನು ಒಳಗಿದ್ದವರೇ ಹೇಳಬೇಕು, ಹೊರಗಿನವರಿಗೆ ಕಾಣುವುದಿಲ್ಲ. ಅಮೆರಿಕದಲ್ಲಿ ನಿವೃತ್ತ ಪೊಲೀಸರು 2002ರಲ್ಲೇ ಸಂಘ ಕಟ್ಟಿಕೊಂಡು ಡ್ರಗ್ಸ್ ಕಾನೂನು ಬದಲಾಯಿಸಿ ಅಂತ ಓಡಾಡಿದರು. ಸಿಯಾಟಲ್‌ನಲ್ಲಿ 2011ರಿಂದ ಪೊಲೀಸರೇ ಕೆಲವರನ್ನು ಜೈಲಿನ ಬದಲು ಸಹಾಯ ಸಿಗುವ ಕಡೆ ಕಳಿಸುತ್ತಿದ್ದಾರೆ. ನಮ್ಮಲ್ಲಿ ಸರ್ವಿಸ್‌ನಲ್ಲಿ ಇರುವವರು ಬಾಯಿ ಬಿಡುವುದು ಕಷ್ಟ. ನಿವೃತ್ತರಾದವರಾದರೂ ಮಾತಾಡಬೇಕು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಇನ್ನೊಂದು. ಮಾದಕ ವಸ್ತುಗಳ ಕೇಸು ಹಾಕುವ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲೇ 64ಎ ಅಂತ ಒಂದು ಸೆಕ್ಷನ್ ಇದೆ. ಚಟಕ್ಕೆ ಬಿದ್ದವನು ತಾನಾಗಿ ಸರ್ಕಾರಿ ಅಥವಾ ಸರ್ಕಾರ ಒಪ್ಪಿದ ಕಡೆ ಚಿಕಿತ್ಸೆಗೆ ಸೇರಿದರೆ ಸೇವನೆ ಕೇಸಿನಿಂದ ವಿನಾಯಿತಿ ಸಿಗುತ್ತದೆ. ಠಾಣೆಗೆ ಬಂದ ಹುಡುಗನಿಗೆ ಇದನ್ನು ಯಾರೂ ಹೇಳುವುದಿಲ್ಲ. ನನಗೆ ಹೊಟ್ಟೆ ಉರಿಯುವುದು ಅದಕ್ಕೇ.

ಶಿವಮೊಗ್ಗದ ವಕೀಲೆ:
ಸರ್ ಹೇಳಿದ್ದು ಸರಿ. ಆದರೆ 64ಎ ಪೂರ್ತಿ ಓದಿ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ವಿನಾಯಿತಿ ಹೋಗಬಹುದು. ಅದೂ ಅಲ್ಲದೆ ಅದು ಚಟ ಹತ್ತಿದವರಿಗೆ ಮಾತ್ರ. ಗೆಳೆಯರ ಜೊತೆ ಸುಮ್ನೆ ಒಂದು ಸಲ ಸೇದಿದವನಿಗೆ ಆ ದಾರಿಯೇ ಇಲ್ಲ. ಅವನಿಗೆ 27ನೇ ಸೆಕ್ಷನ್ನೇ ಗತಿ. ಗಾಂಜಾ ಆದರೆ 6 ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಮೊದಲು ಬದಲಾಗಬೇಕಾದ್ದು ಇದು.

ಪೊಲೀಸರ ಅನುಭವ ಕೇಳೋಣ, ಖಂಡಿತ. ಯಾರನ್ನು ಬಿಡಬೇಕು ಅನ್ನುವುದನ್ನು ಮಾತ್ರ ಠಾಣೆಯ ಮರ್ಜಿಗೆ ಬಿಡುವುದು ಬೇಡ. ಬಿಟ್ಟರೆ ಪರಿಚಯದವರ ಮಗನಿಗೆ ಬುದ್ಧಿಮಾತು, ಕೂಲಿಯವರ ಮಗನಿಗೆ ಎಫ್‌ಐಆರ್. ಪೋರ್ಚುಗಲ್‌ನಲ್ಲಿ 10 ದಿನದ ಬಳಕೆಯಷ್ಟು ಅಂತ ಅಳತೆಯನ್ನು ಕಾನೂನಿನಲ್ಲೇ ಬರೆದಿದ್ದಾರೆ. ಅದರೊಳಗಿದ್ದರೆ ಪೊಲೀಸರು ಕೋರ್ಟಿನ ಬದಲು ಇಂಥವರಿಗೆಂದೇ ಇರುವ ಆಯೋಗದ ಮುಂದೆ ಕಳಿಸುತ್ತಾರೆ. ಮಾರಿದರೆ ಅಲ್ಲೂ ಅಪರಾಧವೇ.

ತೀರ್ಥಹಳ್ಳಿ ನಿವೃತ್ತ ಎಎಸ್‌ಐ:
ಒಪ್ಪಿದೆ ಮೇಡಂ. ಮಿತಿ ಬರೆದಿಟ್ಟರೆ ಕಾನ್‌ಸ್ಟೇಬಲ್‌ಗೂ ಒಳ್ಳೆಯದು. ಮೇಲಿನಿಂದ ಫೋನ್ ಬಂದರೆ ತೋರಿಸಲು ಏನಾದರೂ ಇರುತ್ತದೆ.

ಸಾಗರದ ಮೇಷ್ಟ್ರು:
ಇಬ್ಬರಿಗೂ ಧನ್ಯವಾದ. ಹುಡುಗನಿಗೆ ಚಟ ಇದೆಯಾ ಇಲ್ಲವಾ ಅಂತ ನಮಗೇ ಸರಿಯಾಗಿ ಗೊತ್ತಿಲ್ಲ. ಸೋಮವಾರ ಅವನನ್ನೂ ಅವನ ಅಪ್ಪನನ್ನೂ ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಮೇಡಂ, ಅಲ್ಲಿಂದ ಯಾವ ಕಾಗದ ಬರೆಸಿಕೊಂಡು ಬರಬೇಕು, ದಯವಿಟ್ಟು ತಿಳಿಸಿ.