ಸಿ ಪರ್ಲಿನ್ ರೋಲ್ ಫಾರ್ಮಿಂಗ್ ಮೆಷಿನ್: 11 ಕಿಲೋವ್ಯಾಟ್ ಸಾಕಾ, 22 ಬೇಕಾ?

ಪರ್ಲಿನ್‌ಶೆಡ್:
ಸಿ ಪರ್ಲಿನ್ (ಶೆಡ್ ಛಾವಣಿಯ ಶೀಟ್ ಹೊರುವ ಸಿ ಆಕಾರದ ಉಕ್ಕಿನ ತೊಲೆ) ಮೆಷಿನ್‌ಗೆ ಎರಡು ಕೊಟೇಶನ್ ಬಂದಿವೆ. ಸೆಕ್ಷನ್ 150×60×20, ದಪ್ಪ 1.6ರಿಂದ 3 ಮಿ.ಮೀ., ಜಿಐ (ಸತು ಲೇಪಿಸಿದ ಉಕ್ಕಿನ) ಕಾಯಿಲ್, ಯೀಲ್ಡ್ (ಉಕ್ಕು ಕಾಯಂ ಆಗಿ ಬಾಗಲು ಶುರುವಾಗುವ ಒತ್ತಡ) 350 ಎಂಪಿಎ. ಎರಡರಲ್ಲೂ 14 ಸ್ಟೇಷನ್ (ತಗಡನ್ನು ಹಂತಹಂತವಾಗಿ ಬಾಗಿಸುವ ರೋಲ್ ಜೋಡಿ), 75 ಮಿ.ಮೀ. ಶಾಫ್ಟ್, ರೋಲ್ ವ್ಯಾಸ 180, ಚೈನ್ ಡ್ರೈವ್, ನಿಲ್ಲಿಸಿ ಕತ್ತರಿಸುವ ಹೈಡ್ರಾಲಿಕ್ ಕಟರ್. ಮೊದಲನೆಯದು 11 ಕಿಲೋವ್ಯಾಟ್, ನಿಮಿಷಕ್ಕೆ 12 ಮೀಟರ್. ಎರಡನೆಯದು 22 ಕಿಲೋವ್ಯಾಟ್, 24 ಮೀಟರ್. 3 ಮಿ.ಮೀ. ಹಾಕಿದಾಗ 11 ಕೂತುಬಿಡುತ್ತಾ? ದೊಡ್ಡದು ತಗೊಂಡು ನಿಧಾನಕ್ಕೆ ಓಡಿಸಿದರೆ ಸೇಫ್ ಅಲ್ವಾ?

ಟಾರ್ಕ್‌ಲೆಕ್ಕ:
ಸರ್, ನೀವು ಕೊಟ್ಟಿರುವ ಎರಡೂ ಮೆಷಿನ್ ಎಳೆಯುವುದು ಒಂದೇ ಬಲದಲ್ಲಿ. ಎಳೆತ (ಕಿಲೋನ್ಯೂಟನ್) = ಕಿಲೋವ್ಯಾಟ್ × ದಕ್ಷತೆ ÷ ಸೆಕೆಂಡಿಗೆ ಮೀಟರ್. ಗೇರ್‌ಬಾಕ್ಸ್, ಚೈನ್, ಬೇರಿಂಗ್ ಎಲ್ಲ ಸೇರಿ ದಕ್ಷತೆ 0.7 ಅಂತ ಹಿಡಿಯಿರಿ. 11 × 0.7 ÷ 0.2 = 38.5. ಇನ್ನೊಂದು 22 × 0.7 ÷ 0.4, ಅದೂ 38.5. ಆ ಎರಡರಷ್ಟು ಕಿಲೋವ್ಯಾಟ್ ಪೂರ್ತಿ ವೇಗಕ್ಕೇ ಹೋಯಿತು.

22ನ್ನು ವಿಎಫ್‌ಡಿಯಲ್ಲಿ (ಮೋಟರ್ ವೇಗ ಬದಲಿಸುವ ಡ್ರೈವ್) 25 ಹರ್ಟ್ಸ್‌ಗೆ ಇಳಿಸಿದರೆ ಟಾರ್ಕ್ (ತಿರುಗಿಸುವ ಬಲ) ಹೆಚ್ಚುವುದಿಲ್ಲ, ಇದ್ದಷ್ಟೇ ಇರುತ್ತದೆ, ಪವರ್ ಮಾತ್ರ 11ಕ್ಕೆ ಇಳಿಯುತ್ತದೆ. ಮೇಲಾಗಿ ಮೋಟರ್ ಫ್ಯಾನ್ ಕೂಡ ಅರ್ಧ ವೇಗದಲ್ಲಿ ತಿರುಗುವುದರಿಂದ ಕಾವು ಏರುತ್ತದೆ. ಬಹಳ ಹೊತ್ತು 20–25 ಹರ್ಟ್ಸ್‌ನಲ್ಲಿ ಓಡಿಸುವುದಾದರೆ ಪ್ರತ್ಯೇಕ ಬ್ಲೋವರ್ ಬೇಕು. ನಿಮ್ಮ ದಿನನಿತ್ಯದ ವೇಗ 40–50 ಹರ್ಟ್ಸ್‌ನಲ್ಲಿ ಬರುವ ಹಾಗೆ ಗೇರ್ ಅನುಪಾತ ಕೇಳಿ. 180 ರೋಲ್, 12 ಮೀಟರ್ ಅಂದರೆ ಶಾಫ್ಟ್ 21 ಆರ್‌ಪಿಎಂ. ಮೋಟರ್ 1460, ಹಾಗಾಗಿ ಒಟ್ಟು ಅನುಪಾತ ಸುಮಾರು 69.

ಈಗ 38 ಸಾಕಾ ಅನ್ನುವುದು. ಒಂದು ಬೆಂಡ್‌ಗೆ ಒಂದು ಮೀಟರ್ ಉದ್ದಕ್ಕೆ ಬೇಕಾದ ಕೆಲಸ = ಯೀಲ್ಡ್ × ದಪ್ಪದ ವರ್ಗ ÷ 4 × ಕೋನ (ರೇಡಿಯನ್). 350 × 9 ÷ 4 × 1.57, ಸುಮಾರು 1,240 ಜೂಲ್. ನಾಲ್ಕು ಬೆಂಡ್‌ಗೆ 5,000 ಜೂಲ್, ಅಂದರೆ ಬರೀ ಬಾಗಿಸಲು 5 ಕಿಲೋನ್ಯೂಟನ್. ರೋಲ್‌ನ ಮೇಲುಭಾಗ, ಕೆಳಭಾಗ ಬೇರೆ ಬೇರೆ ವೇಗದಲ್ಲಿ ಉಜ್ಜುವುದು, ಅಂಚು ಎಳೆದುಕೊಳ್ಳುವುದು, ಪಟ್ಟಿ ಒಳಗಿದ್ದಾಗಲೇ ಮತ್ತೆ ಸ್ಟಾರ್ಟ್ ಮಾಡುವುದು, ಇದಕ್ಕೆಲ್ಲ ನಾನು ಐದು ಪಟ್ಟು ಹಿಡಿಯುತ್ತೇನೆ. 25 ಆಯಿತು. 38 ಇದೆ. ಆದ್ದರಿಂದ 11 ಸಾಕು, ಗೇರ್‌ಬಾಕ್ಸ್ ಹೆಲಿಕಲ್ (ಓರೆ ಹಲ್ಲಿನ ಗೇರ್) ಆಗಿದ್ದರೆ ಮಾತ್ರ.

ದಪ್ಪ ವರ್ಗದಲ್ಲಿ ಕೂತಿದೆ, ಗಮನಿಸಿ. 2ರಿಂದ 3 ಮಿ.ಮೀ.ಗೆ ಹೋದರೆ ಹೊರೆ 2.25 ಪಟ್ಟು. 2 ಮಿ.ಮೀ.ಯಲ್ಲಿ ಟ್ರಯಲ್ ತೋರಿಸಿ ಮೆಷಿನ್ ಮಾರುವವರಿದ್ದಾರೆ.

ಸ್ಪ್ರಾಕೆಟ್24:
ವರ್ಮ್ (ಸ್ಕ್ರೂನಂಥ ಗೇರ್ ಚಕ್ರವನ್ನು ತಿರುಗಿಸುವ) ಗೇರ್‌ಬಾಕ್ಸ್ ಆದರೆ ಈ ಲೆಕ್ಕ ಬಿಡಿ. 60ರ ಆಸುಪಾಸಿನ ಅನುಪಾತದ ವರ್ಮ್‌ನಲ್ಲಿ ದಕ್ಷತೆ ಸುಮಾರು 0.7, ಹೆಲಿಕಲ್‌ನಲ್ಲಿ 0.94. ವರ್ಮ್‌ಗೆ 15 ಕಿಲೋವ್ಯಾಟ್ ಕೊಟ್ಟರೆ ಹೆಲಿಕಲ್‌ನ 11ಕ್ಕೆ ಸಮ. 11ರ ಕೊಟೇಶನ್‌ನಲ್ಲಿ ಯಾವ ಗೇರ್‌ಬಾಕ್ಸ್ ಅಂತ ಬರೆಸಿಕೊಳ್ಳಿ.

ಮೋಟರ್‌ಗಿಂತ ಮೊದಲು ಹೋಗುವುದು ಚೈನ್. ಗೇರ್‌ಬಾಕ್ಸ್ ಒಂದು ತುದಿಯಲ್ಲಿದ್ದು ಚೈನ್ ಸ್ಟೇಷನ್‌ನಿಂದ ಸ್ಟೇಷನ್‌ಗೆ ಹೋದರೆ ಮೊದಲ ಚೈನ್ ಮೇಲೆ ಇಡೀ ಮೆಷಿನ್‌ನ ಹೊರೆ. ಈ ಮೆಷಿನ್‌ಗೆ ಪೂರ್ತಿ ಟಾರ್ಕ್ ಸುಮಾರು 4,600 ನ್ಯೂಟನ್‌ಮೀಟರ್, 200 ಮಿ.ಮೀ. ಸ್ಪ್ರಾಕೆಟ್‌ನಲ್ಲಿ ಅದು 46 ಕಿಲೋನ್ಯೂಟನ್. ಒಂದಿಂಚು ಪಿಚ್‌ನ 16ಬಿ ಸಿಂಗಲ್ ಚೈನ್ ಕಡಿಯುವುದೇ 60ಕ್ಕೆ! ಗೇರ್‌ಬಾಕ್ಸ್ ಮಧ್ಯೆ ಕೂರಿಸಿ ಏಳೇಳು ಸ್ಟೇಷನ್ ಎರಡು ಕಡೆಗೆ ಹಂಚಿದರೆ 23. ಒಂದೂವರೆ ಇಂಚಿನ 24ಬಿ ಸಿಂಗಲ್ 160ಕ್ಕೆ ಕಡಿಯುತ್ತದೆ, ಏಳು ಪಟ್ಟು ಉಳಿಯಿತು. ಇದನ್ನು ನೋಡದೆ ಮೋಟರ್ ಮಾತ್ರ ದೊಡ್ಡದು ಹಾಕಿದರೆ ಪಟ್ಟಿ ಸಿಕ್ಕಿಕೊಂಡ ದಿನ ಮೋಟರ್ ನಿಲ್ಲುವ ಬದಲು ಚೈನ್ ಕಡಿಯುತ್ತದೆ, ಇಲ್ಲವೇ ಶಾಫ್ಟ್ ಕೀ ಮುರಿಯುತ್ತದೆ. ವಿಎಫ್‌ಡಿಯಲ್ಲಿ ಟಾರ್ಕ್ ಲಿಮಿಟ್ ಹಾಕಿಸಿ.

ಪರ್ಲಿನ್‌ಶೆಡ್:
ಕೇಳಿದೆ, 11ರದ್ದು ವರ್ಮ್ ಅಂತೆ, ಗೇರ್‌ಬಾಕ್ಸ್ ತುದಿಯಲ್ಲಿ. 24 ಮೀಟರ್‌ನವರದು ಹೆಲಿಕಲ್, ಮಧ್ಯದಲ್ಲಿ. ಹಾಗಾದರೆ ಪ್ರೊಡಕ್ಷನ್ ಡಬಲ್ ಸಿಗುತ್ತಾ?

ಟಾರ್ಕ್‌ಲೆಕ್ಕ:
ಇಲ್ಲ. 6 ಮೀಟರ್ ಪೀಸ್, ಕತ್ತರಿಸಲು 5 ಸೆಕೆಂಡ್, ನಾಲ್ಕು ಪಂಚಿಂಗ್‌ಗೆ ತಲಾ 3 ಸೆಕೆಂಡ್ ನಿಂತರೆ 12 ಮೀಟರ್‌ನಲ್ಲಿ ಪೀಸ್‌ಗೆ 47 ಸೆಕೆಂಡ್, 24ರಲ್ಲಿ 32. ಗಂಟೆಗೆ 76ರ ಬದಲು 112. ಅಷ್ಟು ಆರ್ಡರ್ ಇಲ್ಲದಿದ್ದರೆ ಎರಡನೆಯವರ ಹತ್ತಿರವೇ ಅನುಪಾತ ಬದಲಿಸಿ 15 ಕಿಲೋವ್ಯಾಟ್, 15 ಮೀಟರ್ ಕೇಳಿ. ಎಳೆತ 42 ಬರುತ್ತದೆ. ಸ್ಯಾಂಕ್ಷನ್ ಲೋಡ್ (ಮಂಜೂರಾದ ವಿದ್ಯುತ್ ಲೋಡ್) ಲೆಕ್ಕಕ್ಕೆ ಕಟರ್‌ನ ಹೈಡ್ರಾಲಿಕ್ ಮೋಟರನ್ನೂ ಸೇರಿಸಿ: 140 ಬಾರ್ × ನಿಮಿಷಕ್ಕೆ 20 ಲೀಟರ್ ÷ 600 = 4.7, ಅಂದರೆ 5.5 ಕಿಲೋವ್ಯಾಟ್ ಮೋಟರ್.

ಫಿಲ್ಲರ್‌ಗೇಜ್:
ಹೊರೆ ಜಾಸ್ತಿ ಅಂತ ಬರುವ ಎಷ್ಟೋ ದೂರುಗಳಲ್ಲಿ ತಪ್ಪು ಇರುವುದು ರೋಲ್ ಗ್ಯಾಪ್‌ನಲ್ಲಿ (ಮೇಲಿನ, ಕೆಳಗಿನ ರೋಲ್ ನಡುವಿನ ಸಂದಿ). 1.6ಕ್ಕೆ ಕೂರಿಸಿದ ಗ್ಯಾಪ್‌ಗೆ 2 ಮಿ.ಮೀ. ತಳ್ಳಿದರೆ ರೋಲ್ ಬಾಗಿಸುವುದನ್ನು ಬಿಟ್ಟು ತಗಡನ್ನು ಅರೆಯಲು ಶುರು ಮಾಡುತ್ತದೆ. ಪಟ್ಟಿ ಉದ್ದವಾಗಿ ಬಿಲ್ಲಿನ ಹಾಗೆ ಬಗ್ಗುತ್ತದೆ, ಕರೆಂಟ್ ಏರುತ್ತದೆ. ಕಾಯಿಲ್ ಬದಲಾದಾಗಲೆಲ್ಲ ಮೈಕ್ರೋಮೀಟರ್‌ನಲ್ಲಿ ಅಳೆದು, ಎಡಬಲ ಎರಡೂ ಕಡೆ ಫಿಲ್ಲರ್ ಗೇಜ್ (ಸಂದಿ ಅಳೆಯುವ ತೆಳು ಅಲಗು) ಹಾಕಿ. ಲೇಬಲ್ ಮೇಲಿನ ದಪ್ಪ ನಂಬಬೇಡಿ.

ಆಂಪಿಯರ್ ಒಂದನ್ನೇ ನೋಡಿದರೂ ಮೋಸ ಹೋಗುತ್ತೀರಿ. ಮೋಟರ್ ಖಾಲಿ ಓಡಿದರೂ ಪೂರ್ತಿ ಕರೆಂಟ್‌ನ ಮೂರನೇ ಒಂದು ಭಾಗ ತಗೊಳ್ಳುತ್ತದೆ. ವಿಎಫ್‌ಡಿಯ ಟಾರ್ಕ್ ಶೇಕಡಾ ನೋಡಿ. ಹಣ ಕೊಡುವ ಮೊದಲು ನಿಮ್ಮದೇ 3 ಮಿ.ಮೀ. ಕಾಯಿಲ್ ಒಯ್ದು ಅರ್ಧ ಗಂಟೆ ಓಡಿಸಿ, 14 ಸ್ಟೇಷನ್‌ನಲ್ಲೂ ಪಟ್ಟಿ ಇರುವಾಗ ನಿಲ್ಲಿಸಿ, ಮತ್ತೆ ಸ್ಟಾರ್ಟ್ ಮಾಡಿಸಿ. ಓಡುವಾಗ ಶೇ. 80 ದಾಟಬಾರದು. ಸ್ಟಾರ್ಟ್‌ನಲ್ಲಿ ಶೇ. 150ರ ಹತ್ತಿರ ಹೋದರೆ ಗ್ಯಾಪ್ ಇನ್ನೊಮ್ಮೆ ನೋಡಿ. ಆಮೇಲೂ ಹಾಗೇ ಇದ್ದರೆ ಒಂದು ಸೈಜ್ ಮೇಲಿನ ಮೋಟರ್ ಕೇಳಿ.